ಗೇಟಿಗೆ ಚುಚ್ಚಿದ ಗುಂಡುಸೂಜಿ

ಒಂದೇ ಚರ್ಚಿಗೆ ಸೇರಿದ ನಮ್ಮ ಆಸ್ಬರಿ ಪ್ಯಾರಿಷ್‌ನಲ್ಲಿ ಬೈಬಲ್ಲಿಗಿಂತ ಗಟ್ಟಿಯಾಗಿ ನಂಬುವ ಮಾತುಗಳು ಕೆಲವಿವೆ. ಹಾಥಾರ್ನ್ ಮುಳ್ಳುಗಿಡದ ಹೂವನ್ನು ಮನೆಯೊಳಗೆ ತಂದರೆ ಸಾವು ಬರುತ್ತದೆ. ಯಜಮಾನ ಸತ್ತರೆ ಜೇನುಹುಳಗಳಿಗೆ ಹೋಗಿ ಹೇಳಬೇಕು, ಇಲ್ಲವಾದರೆ ಅವು ಗೂಡು ಬಿಟ್ಟುಹೋಗುತ್ತವೆ. ಹೆಣ ಹೋದ ದಾರಿ ಊರ ದಾರಿ. ಮೊದಲಿನವುಗಳಿಂದ ಯಾರಿಗೂ ನಷ್ಟವಿಲ್ಲ; ಕೊನೆಯದು ಮಾತ್ರ ಜಮೀನಿದ್ದವನ ನಿದ್ದೆ ಕೆಡಿಸುವಂಥದು. ಒಬ್ಬನ ಹೊಲದಲ್ಲಿ ಒಂದೇ ಒಂದು ಸಲ ಶವಪೆಟ್ಟಿಗೆ ಹಾದುಹೋದರೂ ಸಾಕು, ಆಮೇಲೆ ಆ ದಾರಿಯಲ್ಲಿ ಯಾರನ್ನೂ ಎಂದೆಂದಿಗೂ ತಡೆಯುವಂತಿಲ್ಲ ಎಂದು ಅದರ ಅರ್ಥ. ಕಾನೂನಿನಲ್ಲಿ ಅಂಥದ್ದೆಲ್ಲೂ ಇಲ್ಲ. ಆದರೆ ಆಸ್ಬರಿಯವರು ಕಾನೂನನ್ನು ಕೇಳಿಕೊಂಡು ನಂಬಲು ಶುರುಮಾಡಿದವರಲ್ಲ.

ಆಂಬ್ರೋಸ್ ಪ್ರಾಸರ್ ಈ ಮಾತನ್ನು ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ನಂಬಿದ್ದ. ಅವನ ತಾತ ಮುತ್ತಾತಂದಿರೆಲ್ಲ ದೊಡ್ಡಮನೆಯವರ ಗೇಣಿದಾರರು. ಮೊದಲನೆಯ ಯುದ್ಧಕ್ಕೆ ಮುಂಚೆ ದೊಡ್ಡಮನೆಯವರು ಜಮೀನು ಮಾರಲು ಕೂತಾಗ, ಅವನ ಅಪ್ಪ ಹೊಟ್ಟೆಬಟ್ಟೆ ಕಟ್ಟಿ ಕೊಂಡುಕೊಂಡದ್ದು ಒಂದು ಮನೆ, ಹಸಿದ ಎಕರೆ ಎಂದು ಊರವರು ಕರೆಯುವ ಕಲ್ಲುಭೂಮಿ, ಮತ್ತೆ ಉದ್ದಗಾವಲು. ಹಸಿದ ಎಕರೆಯ ಹಣೆಬರಹ ಅದರ ಹೆಸರಿನಲ್ಲೇ ಇದೆ. ಉದ್ದಗಾವಲು ಮಾತ್ರ ಬಂಗಾರ. ಪ್ಯಾರಿಷ್‌ನ ಕೆಳತುದಿಯ ನೆದರ್ ಎಂಡ್‌ನಿಂದ ಹಿಡಿದು ಚರ್ಚಿನ ದಿಬ್ಬದ ತನಕ ಏರಿಕೊಂಡು ಹೋಗುವ ಹುಲ್ಲುನೆಲ. ಅದರ ಮಗ್ಗುಲಲ್ಲೇ, ಎತ್ತರದ ಬೇಲಿಗಳ ನಡುವೆ, ಹಳ್ಳಕ್ಕೆ ಅಂಟಿಕೊಂಡು ತಗ್ಗುದಾರಿ ಹೋಗುತ್ತದೆ. ಹಳ್ಳ ಉಕ್ಕಿದಾಗ ತಗ್ಗುದಾರಿ ತುಂಬುತ್ತದೆ, ಗಾವಲು ಒಣಗಿಯೇ ಇರುತ್ತದೆ. ದೇವರು ಹಾಗೆ ಮಾಡಿಟ್ಟಿದ್ದಾನೆ, ಅದಕ್ಕೆ ಆಂಬ್ರೋಸ್ ಹೊಣೆಯಲ್ಲ. ಉಳಿದ ಗಂಡಸರು ಸಂಜೆ ಪಬ್ಬಿಗೆ ಹೋದರೆ ಅವನು ಉದ್ದಗಾವಲಿನ ಗೇಟಿಗೆ ಹೋಗಿ ಮೊಣಕೈ ಊರಿ ನಿಲ್ಲುತ್ತಿದ್ದ. ನೋಡುವುದಕ್ಕೇನಿದೆ ಎಂದು ಕೇಳಿದರೆ ಹುಲ್ಲು ಎನ್ನುತ್ತಿದ್ದ.

ಎರಡನೆಯ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು, ಸಕ್ಕರೆ ಇನ್ನೂ ಅಳತೆಯ ಮೇಲೆಯೇ ಸಿಗುತ್ತಿತ್ತು. ಆಗ ಸರ್ಕಾರಕ್ಕೆ ದೇಶದ ಕಾಲುದಾರಿಗಳನ್ನೆಲ್ಲ ನಕ್ಷೆಗೆ ಇಳಿಸಬೇಕೆಂಬ ಹುಕಿ ಬಂತು. ಯಾವ ಹೊಲದಲ್ಲಿ ಊರವರಿಗೆ ನಡೆಯುವ ಹಕ್ಕಿದೆ ಎಂದು ಪ್ರತಿ ಪ್ಯಾರಿಷೂ ಗುರುತು ಹಾಕಿ ಕಳಿಸಬೇಕು. ನಮ್ಮಲ್ಲೂ ಶಾಲೆಯ ಕೋಣೆಯಲ್ಲಿ ಸಭೆ ಸೇರಿತು. ಉತ್ತರದ ಕಡೆಯಿಂದ ಹೊಸದಾಗಿ ಬಂದಿದ್ದ ಪಾದ್ರಿ ಫೆನ್ವಿಕ್ ಕಪ್ಪುಹಲಗೆಗೆ ನಕ್ಷೆ ಅಂಟಿಸಿ, ಕೈಯಲ್ಲಿ ಕೆಂಪು ಪೆನ್ಸಿಲ್ ಹಿಡಿದು ನಿಂತ.

"ಉದ್ದಗಾವಲಿನಲ್ಲಿ ದಾರಿ ಇದೆಯಾ?" ಎಂದ.

"ಇಲ್ಲ" ಎಂದು ಆಂಬ್ರೋಸ್ ಕಡ್ಡಿ ಮುರಿದ ಹಾಗೆ ಹೇಳಿದ. "ನೀರು ಬಂದಾಗ ಯಾರೋ ಒಬ್ಬಿಬ್ಬರು ನನ್ನನ್ನ ಕೇಳಿಕೊಂಡು ದಾಟ್ತಾರೆ. ಅದು ದಾರಿ ಅಲ್ಲ, ದಾಕ್ಷಿಣ್ಯ."

"ನಿನ್ನ ದಾಕ್ಷಿಣ್ಯ ನೋಡೋಕೆ ನಕ್ಷೆ ಸಾಲದು ಬಿಡು, ಭೂತಗನ್ನಡಿ ಬೇಕು" ಎಂದ ಹಿಂದೆ ಕೂತ ಕಮ್ಮಾರ ಗಿಟಿನ್ಸ್. ಜನ ನಕ್ಕರು. ಗಿಟಿನ್ಸ್ ಮತ್ತೆ ಕೇಳಿದ: "ಅಲ್ಲಿ ಹೆಣ ಹೋಗಿದೆಯಾ ಯಾವತ್ತಾದರೂ? ಅದನ್ನ ಹೇಳಿ ಮೊದಲು."

ನಗು ನಿಂತಿತು. ಎಲ್ಲರೂ ತಿರುಗಿ ರೂಬೆನ್ ಬೇನಮ್ ಕಡೆ ನೋಡಿದರು. ನೆದರ್ ಎಂಡ್‌ನಲ್ಲಿ ಉಳಿದಿದ್ದುದು ಅದೊಂದೇ ಮನೆ: ಬೇಲಿ ಕಟ್ಟುವ ಕೆಲಸದ ರೂಬೆನ್, ಮದುವೆಯಾಗದವನು, ಮತ್ತೆ ಅವನ ತಾಯಿ. ರೂಬೆನ್ ಆಂಬ್ರೋಸನ ಜೊತೆ ಇದೇ ಕೋಣೆಯಲ್ಲಿ ಅಕ್ಷರ ಕಲಿತವನು. ಅವನು ಟೋಪಿಯನ್ನು ತೊಡೆಯ ಮೇಲೆ ಒಂದು ಸುತ್ತು ತಿರುಗಿಸಿದ.

"ನಾವು ಅಲ್ಲಿ ಹಕ್ಕಿನ ಮೇಲೆ ಹೋದವರಲ್ಲ" ಎಂದ.

ಅಷ್ಟು ಸಾಕಾಯಿತು. ಕೆಂಪು ಪೆನ್ಸಿಲ್ ಉದ್ದಗಾವಲನ್ನು ಬಿಟ್ಟು ಮುಂದಕ್ಕೆ ಹೋಯಿತು. ಆಂಬ್ರೋಸ್ ಎಷ್ಟು ಹಗುರಾದನೆಂದರೆ, ಸಭೆ ಮುಗಿದ ಮೇಲೆ ರೂಬೆನ್‌ಗೆ ತಾನೇ ಸೇಬಿನ ಮದ್ಯ ಸೈಡರ್ ಕೊಡಿಸಿದ. ಪ್ರಾಸರ್ ಇನ್ನೊಬ್ಬರಿಗೆ ಕೊಡಿಸಿದ್ದನ್ನು ಕಂಡು ಪಬ್ಬಿನವಳು ಮಳೆ ಬರುತ್ತದೆ ಎಂದಳು.

ಮಳೆ ಬಂದೇ ಬಂತು. ಬಂದದ್ದು ನಿಲ್ಲಲಿಲ್ಲ. ಹಳ್ಳ ಉಕ್ಕಿ ತಗ್ಗುದಾರಿಗೆ ಇಳಿದ ದಿನವೇ ರೂಬೆನ್‌ನ ತಾಯಿ ತೀರಿಕೊಂಡಳು.

ಅವಳನ್ನು ಇಡೀ ಪ್ಯಾರಿಷ್ ಬೇನಮ್ ಅಜ್ಜಿ ಎನ್ನುತ್ತಿತ್ತು. ನಮ್ಮಲ್ಲಿ ಹುಟ್ಟಿದವರನ್ನು ಮೊದಲು ಮುಟ್ಟುತ್ತಿದ್ದವಳೂ ಅವಳೇ, ಸತ್ತವರ ಮೈ ತೊಳೆದು, ಕೂದಲು ಬಾಚಿ, ಕಣ್ಣು ಮುಚ್ಚಿಸುತ್ತಿದ್ದವಳೂ ಅವಳೇ. ಆಂಬ್ರೋಸನ ಅಮ್ಮನನ್ನು ಹಾಗೆ ಮಲಗಿಸಿದವಳು, ಅವನ ಅಪ್ಪನನ್ನು ಮಲಗಿಸಿದವಳು. ಅಮ್ಮ ಸತ್ತ ದಿನ, ಮೀಸೆ ಬಂದ ಗಂಡಸು ಎನ್ನುವುದನ್ನೂ ನೋಡದೆ, ಅವನಿಗೆ ಬ್ರೆಡ್ಡು ಮುರಿದು ಬಾಯಿಗೆ ಇಟ್ಟವಳು. ಸುದ್ದಿ ಕೇಳಿದಾಗ ಆಂಬ್ರೋಸ್ ಹಸುವಿನ ಹಟ್ಟಿಯಲ್ಲಿ ನಿಂತು ನಿಜವಾಗಿಯೂ ಅತ್ತ. ಅದನ್ನೂ ಹೇಳಿಬಿಡಬೇಕು, ಅವನು ಕಲ್ಲಲ್ಲ.

ಮರುದಿನ ರೂಬೆನ್ ಬಂದ. ಅಡುಗೆಮನೆಯ ಬಾಗಿಲಲ್ಲೇ ನಿಂತ. ಆಂಬ್ರೋಸನ ಹೆಂಡತಿ ಡಾರ್ಕಸ್ ಕೂರಲು ಹೇಳಿದರೂ ಕೂರಲಿಲ್ಲ. ಅವನ ಪ್ಯಾಂಟು ಸೊಂಟದ ತನಕ ನೆನೆದಿತ್ತು.

"ತಗ್ಗುದಾರೀಲಿ ನೀರು ತೊಡೆ ಮಟ್ಟ ಇದೆ ಆಂಬ್ರೋಸ್. ಅಮ್ಮನ್ನ ಗುರುವಾರ ಮಣ್ಣು ಮಾಡೋದು. ಗಾವಲಲ್ಲಿ ಎತ್ತಿಕೊಂಡು ಹೋಗ್ತೀವಿ, ಗೇಟು ಬಿಡು."

ಆಂಬ್ರೋಸ್ ದಿನ ಎಣಿಸಿದ. ಸಭೆ ಮುಗಿದು ವಾರವೂ ಆಗಿರಲಿಲ್ಲ. ನಕ್ಷೆ ಇನ್ನೂ ಪಾದ್ರಿಯ ಮೇಜಿನ ಮೇಲೇ ಇತ್ತು.

"ನೀನು ಹೋಗು. ದಿನಾ ಹೋಗು. ಯಾರು ಬೇಡ ಅಂದ್ರು? ಬದುಕಿರೋರು ಎಷ್ಟು ಸಲ ಬೇಕಾದ್ರೂ ಹೋಗಿ. ಆದ್ರೆ ಅದು..." ಶವಪೆಟ್ಟಿಗೆ ಎಂಬ ಮಾತು ಬಾಯಿಂದ ಹೊರಡಲಿಲ್ಲ.

"ಗೊತ್ತು ಕಣೋ. ಅದಕ್ಕೇ ಇದನ್ನ ತಂದಿದೀನಿ." ರೂಬೆನ್ ಕೋಟಿನ ಮಡಿಕೆಯಿಂದ ಎರಡು ಗುಂಡುಸೂಜಿ ತೆಗೆದು ಅಂಗೈ ಮೇಲಿಟ್ಟು ತೋರಿಸಿದ. "ಹೋಗೋ ಗೇಟಿಗೊಂದು, ಬಿಡೋ ಗೇಟಿಗೊಂದು. ಹಳಬರು ಮಾಡ್ತಿದ್ದ ಹಾಗೆ. ಸೂಜಿ ಚುಚ್ಚಿ ಹೋದ್ರೆ ಅಪ್ಪಣೆ ಕೇಳಿ ಹೋದ ಹಾಗೆ. ಹಕ್ಕು ಹುಟ್ಟಲ್ಲ."

ಆಂಬ್ರೋಸ್ ಅಂಗೈಯನ್ನು ನೋಡಿದ. ಕೆಲಸಕ್ಕೆ ಸೀಳಿದ, ಮುಳ್ಳು ಚುಚ್ಚಿಸಿಕೊಂಡ ಅಂಗೈ. ಹೂಂ ಎಂದುಬಿಡಲು ಅವನಿಗೂ ಆಸೆಯಾಯಿತು. ಆಗಲೇ ಬರ್ಮಿಂಗ್‌ಹ್ಯಾಮ್ ಕಡೆಯಿಂದ ಬೆನ್ನಿಗೆ ಚೀಲ ಏರಿಸಿಕೊಂಡು ಹೊಲಗಳಲ್ಲಿ ತಿರುಗಾಡಲು ಬರುವ ಪೇಟೆಯ ಜನ ಕಣ್ಣ ಮುಂದೆ ಬಂದರು, ತೆರೆದು ಬಿಟ್ಟ ಗೇಟುಗಳು, ತುಳಿದ ಹುಲ್ಲು. ಅವುಗಳ ಹಿಂದೆ, ಮೊದಲ ಸಲ ತನ್ನದೇ ಗೇಟಿಗೆ ಮೊಣಕೈ ಊರಿದ ಅಪ್ಪ.

"ಸೂಜಿ ತುಕ್ಕು ಹಿಡಿಯುತ್ತೆ ರೂಬೆನ್" ಎಂದ. "ದಾರಿಗೆ ತುಕ್ಕಿಲ್ಲ."

ರೂಬೆನ್ ಮುಷ್ಟಿ ಮುಚ್ಚಿದ. ಸೂಜಿಗಳನ್ನು ಮತ್ತೆ ಕೋಟಿಗೆ ಸಿಕ್ಕಿಸಿಕೊಂಡು, ಡಾರ್ಕಸ್‌ಗೆ ತಲೆಬಾಗಿ ಹೊರಟುಹೋದ. ಹೋಗುವಾಗ ಗಾವಲಿನ ಕಡೆ ತಿರುಗಲಿಲ್ಲ, ತಗ್ಗುದಾರಿಗೇ ಇಳಿದ.

"ನಾಚಿಕೆ ಆಗಲ್ವಾ ನಿನಗೆ?" ಎಂದಳು ಡಾರ್ಕಸ್.

"ನಾಳೆ ಊರೆಲ್ಲ ತುಳಿಯುತ್ತೆ. ಬೆರಳು ಕೊಟ್ಟರೆ ಹಸ್ತ ನುಂಗೋ ಕಾಲ ಇದು."

"ಯಾರು ನುಂಗ್ತಾರೆ, ಬೇನಮ್ ಅಜ್ಜಿನಾ? ಅವಳ ಹಲ್ಲು ಬಿದ್ದು ಎಷ್ಟು ಕಾಲವಾಯ್ತು."

ಸಂಜೆ ಪಾದ್ರಿಯೂ ಬಂದ. ಕಾನೂನಿನಲ್ಲಿ ಹಾಗೇನೂ ಇಲ್ಲ, ನಾನೇ ಓದಿ ನೋಡಿದ್ದೇನೆ ಎಂದ. ಆಂಬ್ರೋಸ್ ಕೇಳಿಸಿಕೊಂಡ. "ಪಾದ್ರಿಗಳೇ, ನೀವು ಇಲ್ಲಿ ಬಂದು ಎಷ್ಟು ಚಳಿಗಾಲ ಆಯ್ತು?" ಎಂದು ಕೇಳಿದ. ಪಾದ್ರಿ ಟೀ ಕುಡಿದು ಎದ್ದುಹೋದ.

ಗುರುವಾರ ಮಳೆ ಬಿಟ್ಟಿತ್ತು, ನೀರು ಬಿಟ್ಟಿರಲಿಲ್ಲ. ಡಾರ್ಕಸ್ ಬೆಳಗ್ಗೆಯೇ ತಮ್ಮ ಹಂದಿಯ ತೊಡೆಮಾಂಸ ಬೇಯಿಸಿ, ಬಟ್ಟೆ ಸುತ್ತಿ, ಬುಟ್ಟಿಯಲ್ಲಿಟ್ಟಳು. ನಮ್ಮಲ್ಲಿ ಈ ಹ್ಯಾಮ್ ಇಲ್ಲದೆ ಮಣ್ಣು ಮಾಡಿದರೆ ಸತ್ತವರಿಗೆ ಮರ್ಯಾದೆ ಕೊಟ್ಟಂತಲ್ಲ. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವಳೂ ತಗ್ಗುದಾರಿಗೆ ಇಳಿದಳು.

"ಗಾವಲಲ್ಲಿ ಹೋಗೇ, ನಿನ್ನದೇ ಗಾವಲು" ಎಂದು ಆಂಬ್ರೋಸ್ ಕೂಗಿದ.

"ನನ್ನದಲ್ಲ, ನಿಂದು" ಎಂದಳು. ತಿರುಗಿ ನೋಡಲಿಲ್ಲ.

ಅವನು ಕಪ್ಪು ಕೋಟು ಹಾಕಿಕೊಂಡು ಉದ್ದಗಾವಲಿನ ಏರಿನಲ್ಲಿ ನಿಂತ. ಬೇಲಿಯ ಸಂದಿನಿಂದ ಕೆಳಗಿನ ತಗ್ಗುದಾರಿ ಪೂರ್ತಿ ಕಾಣುತ್ತಿತ್ತು. ಅವರು ಬಂದರು. ಮುಂದೆ ರೂಬೆನ್ ಮತ್ತು ಗಿಟಿನ್ಸ್, ಹಿಂದೆ ಊರಿನ ಗಂಡಸರು, ಭುಜದ ಮೇಲೆ ಅಜ್ಜಿ. ನೀರು ಮೊದಲು ಬೂಟು ಮುಚ್ಚಿತು, ಆಮೇಲೆ ಮೊಣಕಾಲು, ಆಮೇಲೆ ತೊಡೆ. ಕೇಳುತ್ತಿದ್ದುದು ನೀರಿನ ಸದ್ದು ಮಾತ್ರ. ಹಿಂದೆ ಹೆಂಗಸರು ಲಂಗ ಎತ್ತಿ ಹಿಡಿದು ಬರುತ್ತಿದ್ದರು, ಅವರ ನಡುವೆ ಡಾರ್ಕಸ್. ದಾರಿ ತಿರುಗುವಲ್ಲಿ ಗಿಟಿನ್ಸ್‌ನ ಕಾಲು ಜಾರಿತು. ಪೆಟ್ಟಿಗೆಯ ಒಂದು ಮೂಲೆ ಧಪ್ಪನೆ ನೀರಿಗೆ ಮುಳುಗಿತು. ಮೇಲಿದ್ದ, ಚಳಿಗಾಲದಲ್ಲಿ ಅರಳುವ ಬಿಳಿಯ ಸ್ನೋಡ್ರಾಪ್ ಹೂಗಳ ಗೊಂಚಲು ಜಾರಿ, ತೇಲಿಕೊಂಡು, ಹಳ್ಳದ ಕಡೆ ಹೋಯಿತು. ರೂಬೆನ್ ಎದೆ ಮಟ್ಟ ನೀರಿಗೆ ಬಗ್ಗಿ ಪೆಟ್ಟಿಗೆಯ ಕೆಳಗೆ ಕೈ ಕೊಟ್ಟು ಮೇಲೆತ್ತಿದ. "ಪರವಾಗಿಲ್ಲ ಅಮ್ಮ, ಪರವಾಗಿಲ್ಲ" ಎಂದು ಅವನು ಹೇಳಿದ್ದು ಏರಿನ ತನಕ ಕೇಳಿಸಿತು.

ಅವರಲ್ಲಿ ಒಬ್ಬರಾದರೂ ತಲೆ ಎತ್ತಿ ಆಂಬ್ರೋಸನನ್ನು ನೋಡಿ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಯಾರೂ ನೋಡಲಿಲ್ಲ.

ಅವನು ಗಾವಲು ದಾಟಿ, ದಿಬ್ಬ ಹತ್ತಿ, ಎಲ್ಲರಿಗಿಂತ ಮೊದಲೇ ಚರ್ಚು ಸೇರಿದ. ತನ್ನ ಬೆಂಚಿನಲ್ಲಿ ಕೂತ. ಆಮೇಲೆ ಅವರು ಒಳಗೆ ಬಂದರು. ಕಲ್ಲಿನ ನೆಲದ ಮೇಲೆ ಒಬ್ಬೊಬ್ಬರ ಹೆಜ್ಜೆಯೂ ನೀರು ಬಿಟ್ಟುಕೊಂಡು ಬಂತು. ಚರ್ಚೆಲ್ಲ ಒದ್ದೆ ಉಣ್ಣೆಯ ವಾಸನೆ. ಡಾರ್ಕಸ್ ಪಕ್ಕದಲ್ಲಿ ಬಂದು ಕೂತಳು. ಅವಳ ಲಂಗದಿಂದ ನೀರು ತೊಟ್ಟಿಕ್ಕಿ ಬೆಂಚಿನ ಕೆಳಗೆ ಹರಿದು ಅವನ ಬೂಟಿನ ಹತ್ತಿರ ಬಂತು. ಅವನ ಬೂಟು ಒಣಗಿತ್ತು. ಬೆಳಗ್ಗೆ ಅಜ್ಜಿಯ ಮರ್ಯಾದೆಗೆಂದೇ ಪಾಲಿಶ್ ಹಾಕಿದ್ದ. ಪ್ಯಾರಿಷ್‌ಗೆ ಪ್ಯಾರಿಷೇ ನೆನೆದು ನಡುಗುತ್ತಿರುವಾಗ ಮಿರಮಿರ ಮಿಂಚುವ ಬೂಟು ಅದೊಂದೇ. ಅವನು ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡ, ಮೊಣಕಾಲೂರುವಾಗ ಕೋಟಿನ ಅಂಚಿನಿಂದ ಮುಚ್ಚಿಕೊಂಡ. ನಾಚಿಕೆಯೆಂದರೆ ಕೆನ್ನೆ ಬಿಸಿಯಾಗುವುದು ಎಂದು ಅವನು ತಿಳಿದಿದ್ದ. ಇದು ಹಾಗಿರಲಿಲ್ಲ, ಪಾದದಿಂದ ಮೇಲಕ್ಕೆ ಹತ್ತುತ್ತಿತ್ತು. ಬಾಯಿ ಪ್ರಾರ್ಥನೆಗೆ ಆಮೆನ್ ಹೇಳುತ್ತಿತ್ತು, ಮನಸ್ಸು ನೆಲ ಬಾಯಿಬಿಡಲಿ ಎನ್ನುತ್ತಿತ್ತು.

ಮಣ್ಣಾದ ಮೇಲೆ ಎಲ್ಲರೂ ನೆದರ್ ಎಂಡ್‌ನ ಹ್ಯಾಮ್ ಮತ್ತು ಚಹಾಕ್ಕೆ ಮತ್ತೆ ನೀರಿಗೆ ಇಳಿದರು. ಆಂಬ್ರೋಸ್ ಹೋಗಲಿಲ್ಲ. ಮನೆಗೂ ಹೋಗಲಾರದೆ ಗಾವಲಿನಲ್ಲಿ ಸುತ್ತಿ, ನೆದರ್ ಎಂಡ್ ಕಡೆಯ ಗೇಟಿಗೆ ಬಂದು ಕಂಬಕ್ಕೆ ಒರಗಿದ. ಅಪ್ಪ ನಿಲ್ಲಿಸಿದ ಓಕ್ ಕಂಬ. ಬೆರಳು ತನ್ನಷ್ಟಕ್ಕೆ ಐವಿ ಬಳ್ಳಿಯ ಅಡಿಯಲ್ಲಿ ಹರಿದಾಡುವಾಗ ಏನೋ ಮೊನೆ ತಾಗಿತು. ಅಲ್ಲಿ ಕರಿಯ ಮೊಳೆಗಳಿರುವುದು ಅವನಿಗೆ ಗೊತ್ತಿತ್ತು; ಯಾವುದೋ ಕಾಲದ ಹರಾಜಿನ ಚೀಟಿ ಹೊಡೆದವು ಎಂದುಕೊಂಡಿದ್ದ. ಇವತ್ತು ಬಳ್ಳಿ ಸರಿಸಿ, ಉಗುರಿನಿಂದ ತುಕ್ಕು ಕೆರೆದು ನೋಡಿದ. ಮೊಳೆಯಲ್ಲ, ಗುಂಡುಸೂಜಿ. ಒಂದರ ಪಕ್ಕ ಇನ್ನೊಂದು.

ಚರ್ಚಿನ ಕಡೆಯ ಗೇಟಿಗೆ ಅವನು ಓಡಿದ ಎನ್ನಬೇಕು. ಆ ವಯಸ್ಸಿನಲ್ಲಿ ಓಡಿದ್ದನ್ನು ಯಾರೂ ನೋಡಲಿಲ್ಲ, ಪುಣ್ಯ. ಅಲ್ಲಿಯೂ ಇದ್ದವು.

ಊಟ ಮುಗಿಸಿ ಜನ ಚೆದುರಿದ ಮೇಲೆ ಅವನು ಬೇನಮ್ ಮನೆಗೆ ಹೋದ. ತಗ್ಗುದಾರಿಯಲ್ಲೇ ಹೋದ, ಬೇಕೆಂದೇ. ರೂಬೆನ್ ಒಲೆಯ ಮುಂದೆ ಪ್ಯಾಂಟು ಒಣಗಿಸಿಕೊಳ್ಳುತ್ತಿದ್ದ. ಆಂಬ್ರೋಸನ ನೆನೆದ ಕಾಲನ್ನು ನೋಡಿ, ಏನೂ ಹೇಳದೆ ಸ್ಟೂಲು ಸರಿಸಿದ.

"ಗೇಟಿನ ಸೂಜಿ ಯಾರವು?"

"ಒಂದು ನಮ್ಮಪ್ಪನದು. ಒಂದು ನಮ್ಮ ತಂಗಿ ಮ್ಯಾಜ್‌ದು" ಎಂದ ರೂಬೆನ್. "ಮೊದಲನೇ ಯುದ್ಧದ ಕೊನೇಲಿ ದೊಡ್ಡ ಫ್ಲೂ ಜ್ವರ ಬಂದ ಚಳಿಗಾಲ. ಒಂದೇ ವಾರದಲ್ಲಿ ಇಬ್ಬರೂ ಹೋದ್ರು. ನೀನಾಗ ಇನ್ನೂ ಫ್ರಾನ್ಸಲ್ಲಿ ಸೈನ್ಯದಲ್ಲಿದ್ದೆ. ಆಗಲೂ ಹೀಗೇ ನೀರು. ಊರೆಲ್ಲ ಜ್ವರದಲ್ಲಿ ಮಲಗಿತ್ತು, ನೋಡಿದವರೇ ಇಲ್ಲ."

"ನಮ್ಮಪ್ಪ ಬಿಟ್ಟನಾ?"

"ನಿಮ್ಮಪ್ಪ ಟೋಪಿ ತೆಗೆದು ಗೇಟು ಹಿಡಿದುಕೊಂಡು ನಿಂತಿದ್ದ, ಎರಡು ಸಲಾನೂ. ಸೂಜಿ ಯಾಕಮ್ಮ ಅಂತಲೂ ಅಂದ. ಅಮ್ಮ ಕೇಳಲಿಲ್ಲ. ನಾಳೆ ನಿನ್ನ ಮಗನಿಗೆ ತೊಂದರೆ ಆಗಬಾರದು ಅಂದ್ಲು."

ಆಂಬ್ರೋಸ್ ತನ್ನ ಒದ್ದೆ ಬೂಟು ನೋಡಿಕೊಂಡ. ಮಗನೆಂದರೆ ತಾನೇ. ಅಪ್ಪ ಇದನ್ನು ಒಂದು ದಿನವೂ ಹೇಳಿರಲಿಲ್ಲ. ಹೇಳುವಂಥ ದೊಡ್ಡ ಸಂಗತಿ ಇದು ಎಂದು ಅಪ್ಪನಿಗೆ ಅನ್ನಿಸಿಯೇ ಇರಲಿಕ್ಕಿಲ್ಲ.

"ಸಭೇಲಿ ಗಿಟಿನ್ಸ್ ಕೇಳಿದಾಗ ನೀನು ಇದನ್ನ ಹೇಳಬಹುದಿತ್ತು."

"ಹೇಳಿದ್ರೆ ಊರವರೆಲ್ಲ ಗಾವಲು ತಮ್ಮದು ಅಂತಿದ್ರು. ಸಭೆಗೆ ಬರೋ ಮುಂಚೆ, ಹಾಸಿಗೇಲಿದ್ದ ಅಮ್ಮನ್ನ ಕೇಳಿದೆ. ಸೂಜಿ ಚುಚ್ಚಿದ ಮೇಲೆ ಬಾಯಿ ಬಿಡಬಾರದು ಕಣೋ ಅಂದ್ಲು."

"ಮತ್ತೆ ಮೊನ್ನೆ? ನಮ್ಮನೆ ಬಾಗಿಲಲ್ಲಿ ನಿಂತಿದ್ಯಲ್ಲೋ. ಆಗಲಾದ್ರೂ ಹೇಳಬಾರದಿತ್ತಾ?"

ರೂಬೆನ್ ಬೆಂಕಿ ಕೆದಕಿದ. "ಆಗ ಹೇಳಿದ್ರೆ ಅಪ್ಪಣೆ ಕೇಳಿದ ಹಾಗಾಗ್ತಿರಲಿಲ್ಲ, ಹೆದರಿಸಿದ ಹಾಗಾಗ್ತಿತ್ತು. ಹ್ಯಾಮ್ ಉಳಿದಿದೆ, ತಿಂತೀಯಾ? ಡಾರ್ಕಸ್ ಚೆನ್ನಾಗಿ ಬೇಯಿಸಿದಾಳೆ."

ಆಂಬ್ರೋಸ್ ತಟ್ಟೆ ತೆಗೆದುಕೊಂಡ. ತಿನ್ನಲಾಗಲಿಲ್ಲ. ಬೇಡವೆಂದು ಹಿಂದಕ್ಕೆ ಕೊಡುವ ಮುಖವೂ ಇರಲಿಲ್ಲ. ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಒಲೆಯ ಮುಂದೆ ಕೂತೇ ಇದ್ದ. ಮೂವರು ಸತ್ತ ಮನೆಯವರು ತನ್ನ ಹೊಲವನ್ನು ತನಗಿಂತ ಜೋಪಾನವಾಗಿ ಕಾದಿದ್ದರು, ತಾನು ಅವರಿಂದಲೇ ಅದನ್ನು ಕಾಯಲು ಹೋಗಿದ್ದ.

ನಕ್ಷೆ ಕಳಿಸುವ ಮುನ್ನ ಪಾದ್ರಿ ಮತ್ತೊಮ್ಮೆ ಸಭೆ ಕರೆದ. ಆಂಬ್ರೋಸ್ ಎದ್ದು ನಿಂತ.

"ಉದ್ದಗಾವಲಲ್ಲಿ ಗೆರೆ ಎಳೀರಿ" ಎಂದ. "ಆ ಗೇಟಿಂದ ಈ ಗೇಟಿಗೆ. ಜೀವ ಇರೋರಿಗೂ, ಇಲ್ಲದೋರಿಗೂ. ನಾನೇ ಕೊಡ್ತಿದೀನಿ."

ಜನ ಚಪ್ಪಾಳೆ ತಟ್ಟುತ್ತಾರೆಂದು ಅವನು ಕಾದಿರಲಿಲ್ಲ. ಗಿಟಿನ್ಸ್ ಆದರೂ ಒಂದು ಕೊಂಕು ಮಾತಾಡಬಹುದು ಎಂದಿದ್ದ. ಗಿಟಿನ್ಸ್ ಕಿಟಕಿ ನೋಡುತ್ತಿದ್ದ. ಪಾದ್ರಿ ಕೆಂಪು ಗೆರೆ ಎಳೆದ. ಡಾರ್ಕಸ್ ಮನೆಗೆ ಬರುವಾಗ ಅವನ ತೋಳು ಹಿಡಿದುಕೊಂಡಳು, ಮಾತು ಮಾತ್ರ ಹಂದಿಯ ಮೇವಿನ ಬಗ್ಗೆಯೇ ಆಡಿದಳು.

ಗೆರೆ ಬಿತ್ತು, ಹೆಜ್ಜೆ ಬೀಳಲಿಲ್ಲ. ಬೇಸಿಗೆ ಬಂದು ಹುಲ್ಲು ಬೆಳೆಯಿತು, ಕೊಯ್ದದ್ದಾಯಿತು. ಅಡ್ಡಲಾಗಿ ಒಂದು ಎಳೆಯೂ ಬಾಗಿರಲಿಲ್ಲ. ಬರ್ಮಿಂಗ್‌ಹ್ಯಾಮಿನವರೂ ಬರಲಿಲ್ಲ. ಅವರಿಗೆ ಆಸ್ಬರಿ ಎಲ್ಲಿದೆಯೆಂದು ಗೊತ್ತಿದ್ದರೆ ತಾನೇ. ಆಂಬ್ರೋಸ್ ಗೇಟಿನ ಬೀಗ ತೆಗೆದ, ಕೀಲುಗಳಿಗೆ ಎಣ್ಣೆ ಹಾಕಿದ, ಕೊನೆಗೆ ಸರಪಳಿಯನ್ನೇ ಬಿಚ್ಚಿದ. ಒಂದು ಕಾಲದಲ್ಲಿ ಯಾರೂ ಬರಬಾರದೆಂದು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಯಾರಾದರೂ ಬರಲೆಂದು ನಿಲ್ಲುತ್ತಿದ್ದ.

ಚಳಿಗಾಲ ಮರಳಿತು, ಹಳ್ಳ ಮತ್ತೆ ಉಕ್ಕಿತು. ಒಂದು ಭಾನುವಾರ ಬೆಳಗ್ಗೆ ರೂಬೆನ್ ಕೈಯಲ್ಲಿ ಸ್ನೋಡ್ರಾಪ್ ಹಿಡಿದುಕೊಂಡು ಮನೆಯಿಂದ ಹೊರಬಂದ. ಅಮ್ಮನ ಸಮಾಧಿಗೆ ಹೊರಟಿದ್ದ. ತಗ್ಗುದಾರಿಯ ಬಾಯಲ್ಲಿ ನೀರು ನೋಡುತ್ತ ನಿಂತ. ಆಮೇಲೆ ನಿಧಾನವಾಗಿ ಗೇಟಿನ ಕಡೆ ತಿರುಗಿದ. ಆಂಬ್ರೋಸ್ ಗಡಬಡಿಸಿ ಗೇಟನ್ನು ಪೂರ್ತಿ ತೆರೆದು ಹಿಡಿದ.

"ನೀರು ಜಾಸ್ತಿ ಇದೆ" ಎಂದ ರೂಬೆನ್.

"ಜಾಸ್ತಿ ಇದೆ. ಬಾ, ಬಾ."

ರೂಬೆನ್ ಹೂವನ್ನು ಕಂಕುಳಲ್ಲಿ ಇರುಕಿಕೊಂಡು, ಕೋಟಿನ ಮಡಿಕೆಯಿಂದ ಒಂದು ಗುಂಡುಸೂಜಿ ತೆಗೆದ. ಐವಿ ಸರಿಸಿ, ಅಪ್ಪನ ಮತ್ತು ಮ್ಯಾಜ್‌ಳ ಸೂಜಿಗಳ ಪಕ್ಕದಲ್ಲಿ ಅದನ್ನು ಹೆಬ್ಬೆರಳಿನಿಂದ ಒತ್ತಿದ.

"ಈಗ ಅದೆಲ್ಲ ಯಾಕೋ" ಎಂದ ಆಂಬ್ರೋಸ್. ಧ್ವನಿ ಅವನದಾಗಿರಲಿಲ್ಲ. "ಇದು ಊರ ದಾರಿ ಕಣೋ ಈಗ. ನಕ್ಷೇಲೇ ಇದೆ. ನಾನೇ ಹಾಕಿಸಿದೀನಿ."

"ಗೊತ್ತು" ಎಂದ ರೂಬೆನ್, ಸಿಟ್ಟಿಲ್ಲದೆ. "ಇರಲಿ ಬಿಡು. ನಿನ್ನ ಹೊಲ."

ಅವನು ಒಳಗೆ ಹೋಗಿ, ಒಣ ಹುಲ್ಲಿನ ಮೇಲೆ ಚರ್ಚಿನ ಕಡೆ ನಡೆದ. ಆಂಬ್ರೋಸ್ ಗೇಟು ಹಿಡಿದುಕೊಂಡೇ ನಿಂತಿದ್ದ. ತನ್ನ ಅಪ್ಪನ ಹಾಗೆ ಟೋಪಿ ತೆಗೆಯಬೇಕೆಂದು ನೆನಪಾದಾಗ ರೂಬೆನ್ ದಿಬ್ಬ ದಾಟಿ ಆಗಿತ್ತು.